ಹೆರಾಲ್ಡ್ ಕಾರಿನ ಬ್ರೇಕು ಹುಡುಕುತ್ತಾ...

ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಒಂದು ಕಾರಿತ್ತು, ನೆನಪಿದೆಯಾ? ಅಂಬಾಸಿಡರ್ ಎಲ್ಲರಿಗೂ ಗೊತ್ತು, ಫಿಯೆಟ್ಟೂ ಗೊತ್ತು. ಆ ಕಾಲದ ಮೂರನೆಯ ಕಾರು ಇದು. ಮುಂದೆ ಬೆಕ್ಕಿನ ಕಣ್ಣಿನಂಥ ದೀಪಗಳು, ಹಿಂದೆ ಸಣ್ಣ ರೆಕ್ಕೆಗಳು, ಎರಡೇ ಬಾಗಿಲು. ಬಾನೆಟ್ ಎತ್ತಿದರೆ ಮಡ್‌ಗಾರ್ಡು, ದೀಪ ಎಲ್ಲಾ ಸೇರಿ ಇಡೀ ಮುಂಭಾಗವೇ ಮೇಲೆದ್ದು ಬರುತ್ತಿತ್ತು, ಮೊಸಳೆ ಬಾಯಿ ತೆರೆದ ಹಾಗೆ. ರಿಪೇರಿ ಮಾಡುವವನು ಮುಂದಿನ ಚಕ್ರದ ಮೇಲೆ ಕುಂಡಿ ಊರಿ ಕೂತು ಎಂಜಿನ್ ಬಿಚ್ಚಬಹುದಿತ್ತು :-)

ನಮ್ಮ ಗದಗ ಸೀಮೆಯಲ್ಲಿ ಈ ಕಾರುಗಳು ಸಾಕಷ್ಟಿದ್ದವು ಅಂತ ಹಿರಿಯರು ಹೇಳುತ್ತಾರೆ. ಈಗ ನನಗೆ ಗೊತ್ತಿರುವಂತೆ ಕಳಸಾಪುರದಲ್ಲಿ ಒಂದೇ ಒಂದಿದೆ, ನಮ್ಮ ಸೋದರಮಾವನದು. ಗದಗಿನ ಹತ್ತಿ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮಾವ ಅದನ್ನು ಶೋಕಿಗೆ ಇಟ್ಟಿಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಗದಗಿಗೆ ಹೋಗಿ ಬರುವುದು, ಕಪ್ಪತಗುಡ್ಡದ ಕಡೆ ಹೊಲಕ್ಕೆ ಹೋಗುವುದು, ಎಲ್ಲಾ ಅದರಲ್ಲೇ. ಹಾಗಾಗಿ ಅದರ ಹಿಂದಿನ ಚಕ್ರದಿಂದ ಬ್ರೇಕ್ ಎಣ್ಣೆ ಸೋರಲು ಶುರುವಾದಾಗ ಮನೆಯಲ್ಲಿ ಎಲ್ಲರಿಗೂ ದಿಗಿಲು. "ಎಂಜಿನ್ ಕೆಟ್ಟರ ಗಾಡಿ ನಿಲ್ಲತೈತಿ, ಬ್ರೇಕ್ ಕೆಟ್ಟರ ನಿಲ್ಲೂದಿಲ್ಲ" ಅಂತ ಅತ್ತೆ ಹೇಳಿದ್ದು. ಇದಕ್ಕಿಂತ ಚೆನ್ನಾಗಿ ಯಾವ ಆಟೊಮೊಬೈಲ್ ಎಂಜಿನಿಯರೂ ಹೇಳಲಾರ.

ಸರಿಯಾದ ಸಾಮಾನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿ ಅಂಗಡಿ ಅಲೆಯುವಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು: ಇದರ ಬಿಡಿಭಾಗ ಯಾಕೆ ಸಿಗುವುದಿಲ್ಲ? ನಮ್ಮ ದೇಶದಲ್ಲೇ ತಯಾರಾದ ಕಾರಲ್ಲವೇ? ಉತ್ತರ ಹುಡುಕುತ್ತಾ ಹೋದರೆ ಕವೆಂಟ್ರಿ, ಮದ್ರಾಸು, ಹೊಸ ಪೈಸೆ, ಔಡಲೆಣ್ಣೆ ಎಲ್ಲಾ ಸಾಲಾಗಿ ಬಂದು ನಿಂತವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡಿಕೊಂಡು ಕೂರಿ.

ಮೊದಲು ಕಾರಿನ ಜಾತಕ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಅಂತ ಇತ್ತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅದು ದಿವಾಳಿಯಾಗಿದ್ದ ಟ್ರಯಂಫ್ ಕಂಪನಿಯನ್ನು ಕೊಂಡುಕೊಂಡಿತು. 1950ರ ದಶಕದಲ್ಲಿ ಹೊಸ ಸಣ್ಣ ಕಾರು ಮಾಡಬೇಕು ಅಂತ ಹೊರಟಾಗ ಒಂದು ವಿಚಿತ್ರ ತೊಂದರೆ ಎದುರಾಯಿತು. ಇವರಿಗೆ ಕಾರಿನ ಒಡಲು ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿಯಾದ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಒಡಲನ್ನು ಒಂದೇ ಕಡೆ ಮಾಡಿಸುವ ಹಾಗಿಲ್ಲ. ಆಗ ಇವರು ಹಳೇ ಪದ್ಧತಿಗೆ ಹೋದರು. ಕೆಳಗೆ ಗಟ್ಟಿ ಚಾಸಿ, ಅದರ ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುವುದು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಚಿತ್ರ ಬರೆದುಕೊಟ್ಟ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು.

ಚಾಸಿ ಬೇರೆ, ಒಡಲು ಬೇರೆ ಆಗಿದ್ದರಿಂದ ಎರಡು ಲಾಭವಾಯಿತು. ಒಂದು, ಬಿಡಿಬಿಡಿಯಾಗಿ ಹಡಗಿಗೆ ತುಂಬಿ ಬೇರೆ ದೇಶದಲ್ಲಿ ಜೋಡಿಸುವುದು ಸಲೀಸು. ನಮ್ಮ ಮದ್ರಾಸಿಗೆ ಅದು ಬಂದದ್ದು ಹೀಗೆ. ಇನ್ನೊಂದು, ಅದೇ ಸಾಮಾನಿನ ಮೇಲೆ ಬೇರೆ ರೂಪ ಕೂರಿಸಿದರೆ ಬೇರೆ ಕಾರು! ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ತೆರೆದ ಒಡಲು ಕೂರಿಸಿ, ಯುದ್ಧವಿಮಾನದ ಹೆಸರನ್ನೇ ಇಟ್ಟು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಬಿಟ್ಟರು. ಇದರ ಮಾದರಿ ಕಾರು ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತಂತೆ. 1961ರಲ್ಲಿ ಲೇಲ್ಯಾಂಡ್ ಕಂಪನಿ ಸ್ಟ್ಯಾಂಡರ್ಡ್-ಟ್ರಯಂಫನ್ನು ಕೊಂಡಾಗ ಅವರ ಕಡೆಯವರು ಬಟ್ಟೆ ಸರಿಸಿ ನೋಡಿ ಒಪ್ಪಿದರು ಅನ್ನುವ ಕಥೆ ಪ್ರಸಿದ್ಧ. 1980ರವರೆಗೆ ಸುಮಾರು 3,14,000 ಸ್ಪಿಟ್‌ಫೈರುಗಳು ತಯಾರಾದವು. ಅಂದರೆ ಕಳಸಾಪುರದಲ್ಲಿ ಎಮ್ಮೆ ಕೊಟ್ಟಿಗೆಯ ಪಕ್ಕ ನಿಂತಿರುವ ನಮ್ಮ ಮಾವನ ಹೆರಾಲ್ಡು ಒಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಸ್ವಂತ ಅಣ್ಣ! ಇದನ್ನು ಹೇಳಿದಾಗ ಮಾವ ಮೀಸೆ ತಿರುವಿದ. ಈ ನೆಂಟಸ್ತಿಕೆಯೇ ಕೊನೆಗೆ ನಮ್ಮನ್ನು ಕಾಪಾಡಿದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಇನ್ನು ಭಾರತದ ಕಡೆ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಇಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ವಿದೇಶದ ಬಿಡಿಭಾಗ ತಂದು ಜೋಡಿಸಿ ಮಾರುತ್ತಿದ್ದವು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಿ ಅಂತ ಸರ್ಕಾರ ಹೇಳಿದಾಗ, 1953-54ರ ಸುಮಾರಿಗೆ ಅವರು ಗಂಟುಮೂಟೆ ಕಟ್ಟಿದರು. ಉಳಿದ ಕೆಲವರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಒಂದು. 1949ರಿಂದ ಇದ್ದ ಕಂಪನಿ. ಮೊದಲು ವ್ಯಾನ್‌ಗಾರ್ಡ್, ಆಮೇಲೆ ಸ್ಟ್ಯಾಂಡರ್ಡ್ ಟೆನ್, ಪೆನೆಂಟ್, 1961ರಿಂದ ಹೆರಾಲ್ಡ್. ಇಂಗ್ಲೆಂಡಿನಲ್ಲಿ 'ಸ್ಟ್ಯಾಂಡರ್ಡ್' ಅಂದರೆ ಡಿಲಕ್ಸ್ ಅಲ್ಲದ ಸಾದಾ ಮಾಲು ಅನ್ನುವ ಅರ್ಥ ಬಂದು ಆ ಹೆಸರನ್ನೇ ಕೈಬಿಟ್ಟಿದ್ದರು. ನಮ್ಮಲ್ಲಿ ಸ್ಟ್ಯಾಂಡರ್ಡ್ ಅಂದರೆ ಮರ್ಯಾದೆ! ಹಾಗಾಗಿ ಅಲ್ಲಿ ಟ್ರಯಂಫ್ ಹೆರಾಲ್ಡ್, ಇಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್.

ಬ್ರೇಕಿನ ಕಥೆ ಇಲ್ಲಿಂದ ಶುರು. ವರ್ಷದಿಂದ ವರ್ಷಕ್ಕೆ ಕಾರಿನಲ್ಲಿ ದೇಶೀ ಸಾಮಾನು ಹೆಚ್ಚಾಗಬೇಕು ಅನ್ನುವ ಒತ್ತಾಯ. ಟಿವಿಎಸ್ ಮನೆತನದವರು ಇಂಗ್ಲೆಂಡಿನ ಲೂಕಾಸ್ ಜೊತೆ ಸೇರಿ 1961ರಲ್ಲಿ ವಿದ್ಯುತ್ ಸಾಮಾನಿಗೆ ಲೂಕಾಸ್-ಟಿವಿಎಸ್ ಮಾಡಿದರು. 1962ರಲ್ಲಿ ಬ್ರೇಕಿಗೆ ಬ್ರೇಕ್ಸ್ ಇಂಡಿಯಾ, ಪಾಡಿಯಲ್ಲಿ. ಬ್ರೇಕ್ ಲೈನಿಂಗ್ ಮಾಡಲು ರಾಣೆಯವರ ಕಾರ್ಖಾನೆ 1964ರಲ್ಲಿ ಬಂತು. ಹಳೇ ಗ್ಯಾರೇಜುಗಳ ಗೋಡೆ ಮೇಲೆ 'ಟಿವಿಎಸ್ ಗರ್ಲಿಂಗ್' ಅಂತ ಕ್ಯಾಲೆಂಡರ್ ನೋಡಿದ್ದೀರಲ್ಲ, ಆ ಗರ್ಲಿಂಗ್ ಇದೇ.

ಗರ್ಲಿಂಗ್ ಅನ್ನುವುದು ಮನುಷ್ಯನ ಹೆಸರು. ಆಲ್ಬರ್ಟ್ ಗರ್ಲಿಂಗ್ 1925ರಲ್ಲಿ ಒಂದು ಬ್ರೇಕಿಗೆ ಪೇಟೆಂಟ್ ಪಡೆದ. ಬೆಣೆಯೊಂದನ್ನು ಎಳೆದರೆ ಅದು ಎರಡು ಬ್ರೇಕ್ ಶೂಗಳನ್ನು ಆಚೀಚೆ ತಳ್ಳುತ್ತದೆ. ನಮ್ಮಲ್ಲಿ ಕಟ್ಟಿಗೆ ಸೀಳಲು ಬೆಣೆ ಹೊಡೆಯುತ್ತೇವಲ್ಲ, ಅದೇ ತತ್ವ. ಈ ಪುಣ್ಯಾತ್ಮ ಅದಕ್ಕೂ ಮೊದಲು ಅಂಚೆಚೀಟಿಯ ಬದಲು ಲಕೋಟೆಗೆ ಮುದ್ರೆ ಒತ್ತುವ ಯಂತ್ರದ ಕಂಪನಿಯಲ್ಲಿ ಪಾಲುದಾರನಾಗಿದ್ದ! 1938ರಲ್ಲಿ ಗರ್ಲಿಂಗ್ ಬ್ರೇಕುಗಳ ತಯಾರಿಕೆ ಲೂಕಾಸ್ ಕೈಗೆ ಬಂತು. ಸರಳಿನ ಎಳೆತ ಹೋಗಿ ಎಣ್ಣೆಯ ಒತ್ತಡ ಬಂತು. ಆದರೆ ಬೆಣೆ ಪೂರ್ತಿ ಹೋಗಲಿಲ್ಲ. ಮಾವನ ಕಾರಿನ ಹಿಂದಿನ ಚಕ್ರದ ಬ್ಯಾಕ್‌ಪ್ಲೇಟಿನಲ್ಲಿ ಚೌಕ ತಲೆಯ ಒಂದು ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಒಳಗೆ ಬೆಣೆ ಮುಂದೆ ಸರಿದು, ಸವೆದ ಶೂಗಳನ್ನು ಡ್ರಮ್ಮಿನ ಹತ್ತಿರ ತರುತ್ತದೆ. ಗರ್ಲಿಂಗ್ ಸಾಹೇಬನ ತಲೆ ಕಳಸಾಪುರದಲ್ಲಿ ಇನ್ನೂ ಕೆಲಸ ಮಾಡುತ್ತಿದೆ.

ಎಣ್ಣೆ ಅಂದೆನಲ್ಲ. ಮೊದಮೊದಲ ಬ್ರೇಕ್ ಎಣ್ಣೆ ಏನು ಗೊತ್ತೆ? ಔಡಲೆಣ್ಣೆ! ಔಡಲೆಣ್ಣೆಗೆ ಆಲ್ಕೋಹಾಲ್ ಬೆರೆಸಿದ್ದು. ಯಾಕೆಂದರೆ ಆಗಿನ ಸೀಲುಗಳು ನೈಸರ್ಗಿಕ ರಬ್ಬರಿನವು, ಅವಕ್ಕೆ ಔಡಲೆಣ್ಣೆ ಆಗಿ ಬರುತ್ತಿತ್ತು. ಎಂಜಿನ್ ಆಯಿಲ್, ಸೀಮೆಎಣ್ಣೆ ಇಂಥ ಖನಿಜ ಎಣ್ಣೆ ತಾಗಿದರೆ ಆ ರಬ್ಬರು ಊದಿಕೊಂಡು ಕೆಟ್ಟುಹೋಗುತ್ತದೆ. ಈಗಿನ ಡಾಟ್ 3 ದ್ರವ ಬೇರೆ ರಾಸಾಯನಿಕ. ಆದರೆ ನಿಯಮ ಅದೇ, ಖನಿಜ ಎಣ್ಣೆ ಹತ್ತಿರ ಸುಳಿಯಕೂಡದು. ನಮ್ಮ ಕಡೆ ಬ್ರೇಕ್ ಸಾಮಾನನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯುವ ಚಾಳಿ ಇದೆ. ಒಳ್ಳೇ ರಬ್ಬರನ್ನು ಕೊಲ್ಲಲು ಅದೊಂದೇ ಸಾಕು. ಡಾಟ್ 3ಕ್ಕೆ ಇನ್ನೊಂದು ದುರ್ಗುಣವಿದೆ, ಅದು ಗಾಳಿಯಲ್ಲಿನ ತೇವ ಕುಡಿಯುತ್ತದೆ. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ ಆ ನೀರು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ತುಕ್ಕಿನ ಗುಳಿಯ ಮೇಲೆ ರಬ್ಬರ್ ಓಡಾಡಿ ಹರಿಯುತ್ತದೆ, ಎಣ್ಣೆ ಸೋರುತ್ತದೆ. ಮಾವನ ಕಾರಿಗೆ ಆದದ್ದು ಇದೇ ರೋಗ.

ಹೆರಾಲ್ಡಿನಲ್ಲಿ ಇದು ಯಾಕೆ ಅಪಾಯ ಅಂದರೆ, ಅದರದ್ದು ಒಂದೇ ಸಾಲಿನ ಬ್ರೇಕು. ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ಕೊಳವೆ. ಯಾವ ಒಂದು ಚಕ್ರದಲ್ಲಿ ಸೋರಿ ಖಾಲಿಯಾದರೂ ನಾಲ್ಕೂ ಹೋದವು. ಎರಡು ಸಾಲಾಗಿ ಬೇರ್ಪಡಿಸುವುದನ್ನು ಅಮೆರಿಕದವರು 1968ರಿಂದ ಕಡ್ಡಾಯ ಮಾಡಿದರು. ನಮ್ಮ ಕಾರು ಅದಕ್ಕೂ ಹಿಂದಿನದು. ಕೈಬ್ರೇಕ್ ಒಂದೇ ದಿಕ್ಕು.

ಸರಿ, ಅಂಗಡಿಗೆ ಹೋಗೋಣ. ಗದಗಿನಲ್ಲಿ ಎರಡು ಕಡೆ ಕೇಳಿದೆ. "ಹೆರಾಲ್ಡಾ? ಅದು ಪೇಪರ್ ಅಲ್ಲೇನ್ರಿ?" ಅಂದ ಒಬ್ಬ ಹುಡುಗ :-) ಹುಬ್ಬಳ್ಳಿಯಲ್ಲಿ ಒಬ್ಬರು ಹಿರಿಯರು ಮಾತ್ರ ಕಾರಿನ ಹೆಸರು ಕೇಳಿ ಕುರ್ಚಿ ಕೊಟ್ಟರು. ನಮ್ಮ ಮೇಸ್ತ್ರಿ ಒಳ್ಳೇ ಕೈಗುಣದವನು, ಆದರೆ ಅವನ ಸಲಹೆ ಬೇರೆ ಇತ್ತು. "ಮಾರುತಿ 800ರ ಸಿಲಿಂಡರ್ ಹಾಕೂಣ್ರಿ, ಎಲ್ಲಾ ಬ್ರೇಕೂ ಒಂದ ಅಲ್ಲೇನು?"

ಒಂದಲ್ಲ. ಹೇಗೆ ಒಂದಲ್ಲ ಅನ್ನುವುದರಲ್ಲೇ ಇತಿಹಾಸ ಇದೆ.

ಹೆರಾಲ್ಡಿನ ಹಿಂದಿನ ಸಿಲಿಂಡರ್ ಬ್ಯಾಕ್‌ಪ್ಲೇಟಿಗೆ ಬಿಗಿದು ಕೂರುವುದಿಲ್ಲ. ಒಂದು ಸೀಳಿನಲ್ಲಿ ಆಚೀಚೆ ಜಾರುತ್ತದೆ. ಒಳಗೆ ಪಿಸ್ಟನ್ ಒಂದೇ. ಅದು ಒಂದು ಶೂ ತಳ್ಳಿದರೆ, ಅದೇ ಹೊಡೆತಕ್ಕೆ ಸಿಲಿಂಡರ್ ತಾನೇ ಹಿಂದಕ್ಕೆ ಜಾರಿ ಇನ್ನೊಂದು ಶೂ ತಳ್ಳುತ್ತದೆ. ಕೈಬ್ರೇಕಿನ ಸನ್ನೆಯೂ ಅದರ ಮೈಯಲ್ಲೇ ಇದೆ. ಆ ಸೀಳಿನಲ್ಲಿ ಮಣ್ಣು, ತುಕ್ಕು ತುಂಬಿ ಸಿಲಿಂಡರ್ ಹಿಡಿದುಕೊಂಡರೆ ಒಂದು ಶೂ ಮಾತ್ರ ಕೆಲಸ ಮಾಡುತ್ತದೆ. ಮಾರುತಿಯದು ಎರಡು ಪಿಸ್ಟನ್ನಿನ, ಅಲುಗಾಡದ ಸಿಲಿಂಡರ್. ಅದನ್ನು ಕೂರಿಸಬೇಕಾದರೆ ಪ್ಲೇಟಿಗೆ ಹೊಸ ತೂತು ಕೊರೆಯಬೇಕು, ಕೈಬ್ರೇಕು ಕಳೆದುಕೊಳ್ಳಬೇಕು. ಒಂದೇ ಸಾಲಿನ ಬ್ರೇಕಿರುವ ಕಾರಿನಲ್ಲಿ ಕೈಬ್ರೇಕ್ ಬಿಟ್ಟುಕೊಡುವುದು ಅಂದರೆ ಬಾವಿಗೆ ಇಳಿದವನ ಹಗ್ಗ ಕೊಯ್ದ ಹಾಗೆ.

ಎರಡನೆಯದು ಅಗಲ. ಸಿಲಿಂಡರಿನ ಬಾಯಿ ಎಷ್ಟು ಅಗಲ ಅನ್ನುವುದನ್ನು ಇಂಚಿನ ಭಾಗದಲ್ಲಿ ಎರಕದ ಮೇಲೇ ಉಬ್ಬಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಮೇಸ್ತ್ರಿಗಳು ಇಂಚಿನ ಎಂಟನೇ ಒಂದು ಭಾಗಕ್ಕೆ ಸೂತು ಅನ್ನುತ್ತಾರೆ. 5/8 ಅಂದರೆ ಐದು ಸೂತು, 3/4 ಅಂದರೆ ಆರು ಸೂತು. ಬರೀ ಒಂದು ಸೂತಿನ ಫರಕು, ಮೂರು ಮಿಲಿಮೀಟರು ಚಿಲ್ಲರೆ, ಏನು ಮಹಾ ಅನಿಸಬಹುದು. ಆದರೆ ತಳ್ಳುವ ಬಲ ನಿರ್ಧಾರವಾಗುವುದು ಅಡ್ಡಳತೆಯಿಂದಲ್ಲ, ಅದರ ವರ್ಗದಿಂದ. ಆರನ್ನು ಐದರಿಂದ ಭಾಗಿಸಿ ವರ್ಗ ಮಾಡಿ ನೋಡಿ, 1.44 ಬರುತ್ತದೆ. ಅಂದರೆ ಐದು ಸೂತಿನ ಜಾಗದಲ್ಲಿ ಆರು ಸೂತಿನದು ಹಾಕಿದರೆ ಆ ಚಕ್ರಕ್ಕೆ ಶೇಕಡಾ 44 ಹೆಚ್ಚು ಬಲ. ಹಿಂದಿನ ಚಕ್ರಕ್ಕೆ ಹೀಗೆ ಬಲ ಹೆಚ್ಚಾದರೆ, ಜೋರಾಗಿ ತುಳಿದಾಗ ಹಿಂದಿನವೇ ಮೊದಲು ಹಿಡಿದುಕೊಂಡು ಕಾರಿನ ಬಾಲ ಅಡ್ಡ ಬೀಸುತ್ತದೆ. ಮಳೆಗಾಲದ ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಏನಾಗಬಹುದು ಅಂತ ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. "ದೊಡ್ಡದು ಹಾಕಿದರ ಬ್ರೇಕ್ ಭಾಳ ಹಿಡೀತೈತಿ" ಅನ್ನುವುದು ನಿಜವೇ, ಹಿಡಿಯಬಾರದ ಕಡೆ ಹಿಡಿಯುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಸಂಗತಿ, ಮರೆ. ಅದೇ, ಸ್ಕ್ರೂವಿನ ಸುತ್ತು. 1841ರಲ್ಲಿ ಜೋಸೆಫ್ ವಿಟ್ವರ್ತ್ ಅನ್ನುವವನು ಇಂಗ್ಲೆಂಡಿನ ಎಲ್ಲಾ ಕಾರ್ಖಾನೆಗಳೂ ಒಂದೇ ಥರದ ಮರೆ ಹಾಕಿ ಅಂತ ಹೇಳಿದ, 55 ಡಿಗ್ರಿ ಕೋನದ್ದು. ಅಮೆರಿಕದವರು 60 ಡಿಗ್ರಿ ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಕಾದಾಡುತ್ತಿದ್ದವರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ! ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ರಿಟನ್, ಅಮೆರಿಕ, ಕೆನಡಾ ಸೇರಿ ಒಂದು ಏಕೀಕೃತ ಮರೆಗೆ ಒಪ್ಪಿದವು. ಹೆರಾಲ್ಡ್ ಕಾಲದ ಬ್ರಿಟಿಷ್ ಕಾರುಗಳಲ್ಲಿರುವ ಯುಎನ್‌ಎಫ್ ಮರೆ ಹುಟ್ಟಿದ್ದು ಹೀಗೆ, ಇಂಚಿನ ಲೆಕ್ಕದಲ್ಲಿ.

ಇತ್ತ ನಮ್ಮ ದೇಶ ಏನು ಮಾಡುತ್ತಿತ್ತು? 1956ರಲ್ಲಿ ಅಳತೆ-ತೂಕದ ಕಾಯಿದೆ ಬಂತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ಹೊಸ ಪೈಸೆ ಬಂತು. 1958ರಿಂದ ಸೇರು, ಮಣ ಹೋಗಿ ಕಿಲೋ ಬರಲು ಶುರುವಾಗಿ, 1960ರ ದಶಕದ ಮೊದಲ ವರ್ಷಗಳಲ್ಲಿ ಎಲ್ಲೆಡೆ ಕಡ್ಡಾಯವಾಯಿತು. ಗದಗಿನ ಹತ್ತಿ ಮಾರುಕಟ್ಟೆಯಲ್ಲಿ ಆಗ ಲೆಕ್ಕ ಹಾಕಲು ಎಷ್ಟು ಒದ್ದಾಡಿರಬೇಡ! ದೇಶವೆಲ್ಲಾ ಇಂಚು ಬಿಟ್ಟು ಮೀಟರಿಗೆ ಹೊರಟ ಅದೇ ಹೊತ್ತಿನಲ್ಲಿ, 1961ರಲ್ಲಿ, ಇಂಚಿನ ಮರೆಯ ಹೆರಾಲ್ಡ್ ನಮ್ಮ ಮನೆಗೆ ಸೊಸೆಯಾಗಿ ಬಂತು. ಫಿಯೆಟ್ಟಿಗೆ ಈ ತೊಂದರೆ ಇರಲಿಲ್ಲ, ಅದು ಇಟಲಿಯದು, ಹುಟ್ಟಾ ಮೆಟ್ರಿಕ್. 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯೂ ಮೆಟ್ರಿಕ್. ಅಲ್ಲಿಂದ ಮುಂದೆ ಗ್ಯಾರೇಜಿನ ಪಾನಾಗಳೆಲ್ಲಾ ಮೆಟ್ರಿಕ್ ಆದವು, ಹುಡುಗರೂ ಮೆಟ್ರಿಕ್ ಆದರು.

ಈಗ ಅಪಾಯ ನೋಡಿ. ಹೆರಾಲ್ಡಿನ ಬ್ರೇಕ್ ಪೈಪಿನ ನಟ್ಟು 3/8 ಯುಎನ್‌ಎಫ್, ಅಂದರೆ 9.525 ಮಿಲಿಮೀಟರ್ ದಪ್ಪ, ಇಂಚಿಗೆ 24 ಸುತ್ತು. ಈಗಿನ ಕಾರುಗಳದು 10 ಮಿಲಿಮೀಟರ್ ದಪ್ಪ, ಸುತ್ತಿಗೆ 1 ಮಿಲಿಮೀಟರ್. ಕಣ್ಣಿಗೆ ಎರಡೂ ಅವಳಿಜವಳಿ. ಹಳೇ ನಟ್ಟನ್ನು ಹೊಸ ಸಿಲಿಂಡರಿನ ತೂತಿಗೆ ಹಾಕಿದರೆ ಬೆರಳಲ್ಲೇ ಸಲೀಸಾಗಿ ತಿರುಗಿ ಹೋಗುತ್ತದೆ, ಕೊನೆಗೆ ಬಿಗಿಯಾದ ಹಾಗೂ ಅನಿಸುತ್ತದೆ. ನಿಜವಾಗಿ ಅದು ಹಿಡಿದಿರುವುದು ಮರೆಯ ತುದಿಗಳನ್ನು ಮಾತ್ರ. ಬ್ರೇಕ್ ತುಳಿದಾಗ ಒಳಗೆ ಚದರ ಇಂಚಿಗೆ ನೂರಾರು ಪೌಂಡ್ ಒತ್ತಡ. ಹತ್ತು ಸಲ ತಡೆದೀತು, ಹನ್ನೊಂದನೇ ಸಲ ಕಿತ್ತುಕೊಂಡು ಬಂದೀತು. ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿದಾಗ ಸರಿಯಾಗೇ ಇರುತ್ತದೆ, ಅದೇ ಇದರ ಮೋಸ.

ಇದನ್ನೆಲ್ಲಾ ಮೇಸ್ತ್ರಿಗೆ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಎರಡೂ ನಟ್ಟುಗಳನ್ನು ಪಕ್ಕ ಪಕ್ಕ ಹಿಡಿದು ಮರೆಗೆ ಮರೆ ತಾಗಿಸಿ ಬೆಳಕಿಗೆ ಹಿಡಿದು ನೋಡಿದ. ನಾಲ್ಕೈದು ಸುತ್ತು ದಾಟುವಷ್ಟರಲ್ಲಿ ಹಲ್ಲು ತಪ್ಪಿ ಬೆಳಕು ಕಾಣಿಸಿತು. "ಹೌದ್ರಿ, ಇದರ ಕುಲಾ ಬ್ಯಾರೆ" ಅಂದ. ಮಾರುತಿ ಮಾತು ಅಲ್ಲಿಗೆ ಮುಗಿಯಿತು. (ನಿಮ್ಮಲ್ಲಿ ಯಾರಾದರೂ ಹಳೇ ಕಾರು ಇಟ್ಟುಕೊಂಡಿದ್ದರೆ ಈ ಬೆಳಕಿನ ಪರೀಕ್ಷೆ ಮಾಡಿ, ಖರ್ಚಿಲ್ಲ.)

ಹಾಗಾದರೆ ಮದ್ರಾಸಿನ ಅಸಲಿ ಸಾಮಾನು ಎಲ್ಲಿ ಹೋಯಿತು? 1960ರ ದಶಕದ ಕೊನೆಗೆ ನಮ್ಮವರು ಹೆರಾಲ್ಡಿಗೆ ನಾಲ್ಕು ಬಾಗಿಲು ಇಟ್ಟರು. ಎರಡು ಬಾಗಿಲಿನ ಕಾರಿನಲ್ಲಿ ಸೀರೆ ಉಟ್ಟ ಅತ್ತೆಯಂದಿರು ಹಿಂದೆ ಹತ್ತುವುದು ಹೇಗೆ ಹೇಳಿ! ಇಂಗ್ಲೆಂಡಿನಲ್ಲಿ ಇಲ್ಲವೇ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡ್ ಹೀಗೆ ನಮ್ಮದೇ ಆಯಿತು. 1971ಕ್ಕೆ ಹೆರಾಲ್ಡ್ ನಿಂತು 1972ರಲ್ಲಿ ಗೆಜೆಲ್ ಬಂತು. ಅದರಲ್ಲಿ ಹೆರಾಲ್ಡಿನ ಓಲಾಡುವ ಹಿಂದಿನ ಆಕ್ಸಲ್ ತೆಗೆದು ಗಟ್ಟಿ ಆಕ್ಸಲ್ ಹಾಕಿದರು. ನಮ್ಮ ರಸ್ತೆಗೆ, ನಮ್ಮ ಮೇಸ್ತ್ರಿಗಳಿಗೆ ಅದು ಒಗ್ಗುತ್ತಿತ್ತು. ಆದರೆ ಹೀಗೆ ಬದಲಾಯಿಸುತ್ತಾ ಹೋದಂತೆ ಒಂದರ ಸಾಮಾನು ಇನ್ನೊಂದಕ್ಕೆ ಆಗುತ್ತದೆ ಅನ್ನುವ ಭರವಸೆಯೂ ಹೋಯಿತು. 1970ರ ದಶಕದ ಕೊನೆಗೆ ಗೆಜೆಲ್ಲೂ ನಿಂತಿತು. 1985ರಲ್ಲಿ ಸ್ಟ್ಯಾಂಡರ್ಡ್ 2000 ಅಂತ ದೊಡ್ಡ ಕಾರು ಮಾಡಲು ಹೋಗಿ ಕೈಸುಟ್ಟುಕೊಂಡು 1988ರಲ್ಲಿ ಕಾರ್ಖಾನೆ ಮುಚ್ಚಿದರು. ಪೆರುಂಗಳತ್ತೂರಿನಲ್ಲಿ ಉಳಿದಿದ್ದ ಆಸ್ತಿ 2006ರಲ್ಲಿ ಹರಾಜಾಯಿತು. ಅಂಬಾಸಿಡರ್ 2014ರವರೆಗೆ ತಯಾರಾಯಿತು, ಹಾಗಾಗಿ ಅದರ ಸಾಮಾನು ಇನ್ನೂ ಎಲ್ಲೆಲ್ಲೋ ಸಿಗುತ್ತದೆ. ಹೆರಾಲ್ಡಿಗೆ ತಂದೆತಾಯಿ ಇಬ್ಬರೂ ಇಲ್ಲ. ಕವೆಂಟ್ರಿಯ ಕ್ಯಾನ್ಲಿಯಲ್ಲೂ 1980ರಲ್ಲಿ ಕಾರು ಜೋಡಿಸುವುದು ನಿಂತಿತ್ತು. ಗರ್ಲಿಂಗ್ ಹೆಸರಿನ ಒಡೆತನವೂ ಕೈಯಿಂದ ಕೈಗೆ. ಲೂಕಾಸ್ 1996ರಲ್ಲಿ ವ್ಯಾರಿಟಿ ಜೊತೆ ಸೇರಿತು, 1999ರಲ್ಲಿ ಟಿಆರ್‌ಡಬ್ಲ್ಯೂ, 2015ರಲ್ಲಿ ಜರ್ಮನಿಯ ಝಡ್‌ಎಫ್.

ಹುಬ್ಬಳ್ಳಿಯ ಆ ಹಿರಿಯರು ಅಟ್ಟ ಹತ್ತಿ ಹುಡುಕಿ ಒಂದು ಸಣ್ಣ ಡಬ್ಬಿ ತಂದುಕೊಟ್ಟರು. ಹೆರಾಲ್ಡಿನದೇ ರಬ್ಬರ್ ಕಿಟ್ಟು, ಲಕೋಟೆ ಒಡೆದಿಲ್ಲ. ಮಾವನಿಗೆ ನಿಧಿ ಸಿಕ್ಕಷ್ಟು ಸಂತೋಷ. ನಾನು ಬೇಡ ಅಂದೆ. ರಬ್ಬರಿಗೆ ಲಕೋಟೆಯೊಳಗೂ ವಯಸ್ಸಾಗುತ್ತದೆ. ಐವತ್ತು ವರ್ಷ ಕೂತ ಸೀಲು ನೋಡಲು ಹೊಸದಾಗಿರುತ್ತದೆ, ಬಗ್ಗಿಸಿದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಇದರಲ್ಲೂ ಕಂಡಿತು. ಲೋಹದ ಸಾಮಾನಾದರೆ ಹಳೇ ದಾಸ್ತಾನು ಬಂಗಾರ, ರಬ್ಬರಾದರೆ ಕಸ. ಹಿರಿಯರೇ ನಕ್ಕು ದುಡ್ಡು ಬೇಡ ಅಂದರು. ಡಬ್ಬಿ ಮಾತ್ರ ಈಗ ಮಾವನ ಷೋಕೇಸಿನಲ್ಲಿದೆ, ಗಣಪತಿ ಪಕ್ಕ :-)

ಆಗ ನೆರವಿಗೆ ಬಂದದ್ದು ಆ ತಮ್ಮ, ಸ್ಪಿಟ್‌ಫೈರ್. ಹೆರಾಲ್ಡಿನ ಹಿಂದಿನ ಏಳಿಂಚಿನ ಡ್ರಮ್ಮು, ಆ ಜಾರುವ ಸಿಲಿಂಡರು ಸ್ಪಿಟ್‌ಫೈರಿಗೂ ಹೋಗಿದ್ದವು. ಸ್ಪಿಟ್‌ಫೈರನ್ನು ಇಂಗ್ಲೆಂಡಿನವರು ಇನ್ನೂ ಸಾವಿರಗಟ್ಟಲೆ ಓಡಿಸುತ್ತಾರೆ. ಸ್ಪೋರ್ಟ್ಸ್ ಕಾರು ಅಂದರೆ ಅವರಿಗೆ ಭಾನುವಾರದ ಹಬ್ಬ. ಹಾಗಾಗಿ ಅದರ ಸಾಮಾನನ್ನು ಹೊಸದಾಗಿ ಮಾಡಿ ಮಾರುವ ಅಂಗಡಿಗಳೇ ಇವೆ, ಲಿಂಕನ್ ಊರಿನ ರಿಮ್ಮರ್ ಬ್ರದರ್ಸ್ ಥರದವು. ಅಣ್ಣ ಬಡವ, ತಮ್ಮ ಶ್ರೀಮಂತ, ಇಬ್ಬರದೂ ರಕ್ತ ಒಂದೇ. ಅಲ್ಲಿರುವ ಗೆಳೆಯನೊಬ್ಬನಿಗೆ ನಮ್ಮ ಹಳೇ ಸಿಲಿಂಡರಿನ ತುಕ್ಕು ಕೆರೆದು, ಉಬ್ಬಕ್ಷರದ ಫೋಟೋ, ಬ್ಯಾಕ್‌ಪ್ಲೇಟಿನ ಸೀಳಿನ ಅಳತೆ ಎಲ್ಲಾ ಕಳುಹಿಸಿದೆ. ಯಾಕೆಂದರೆ ಸ್ಪಿಟ್‌ಫೈರ್‌ನಲ್ಲೂ ವರ್ಷಕ್ಕೊಂದು ಬದಲಾವಣೆ, ಕಾರಿನ ಹೆಸರು ಹೇಳಿ ತರಿಸಿದರೆ ಬೇರೆ ಅಗಲದ್ದು ಬಂದೀತು. ಅವನು ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಎರಡು ಸಿಲಿಂಡರು, ಅವುಗಳ ರಬ್ಬರ್ ಹೊದಿಕೆ, ಹೊಂದುವ ಕ್ಲಿಪ್ಪು ತಂದ. ಮರೆ ತಿರುಗಿಸಿ ನೋಡಿದೆವು, ಬೆಳಕು ಕಾಣಲಿಲ್ಲ.

ಮುಂದಿನ ಚಕ್ರಕ್ಕೆ ತಮ್ಮನಿಂದ ಉಪಯೋಗವಿಲ್ಲ. ಅವನಿಗೆ ಮೊದಲಿನಿಂದಲೂ ಮುಂದೆ ಡಿಸ್ಕ್ ಬ್ರೇಕು, ನಮ್ಮದು ಎಂಟಿಂಚಿನ ಡ್ರಮ್ಮು. ಅವು ಸೋರುತ್ತಿರಲಿಲ್ಲ. ಆದರೂ ಹಿಂದಿನವುಗಳ ಗತಿ ನೋಡಿದ ಮೇಲೆ ಬಿಚ್ಚಿಸಿದೆವು, ಒಳಗೆ ಗುಳಿ ಬಿದ್ದಿತ್ತು. ಅದಕ್ಕೆ ಬೆಳಗಾವಿಗೆ ಹೋದೆವು. ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಬಲ್ಲವರು ಬೇಕಾದಷ್ಟು ಜನ. ಸಿಲಿಂಡರನ್ನು ಲೇತಿನಲ್ಲಿ ಅಗಲ ಮಾಡಿ, ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ತೋಳು ಕೂರಿಸಿ, ಮತ್ತೆ ಮೂಲ ಅಗಲಕ್ಕೆ ತಂದು ನುಣುಪು ಮಾಡಿಕೊಟ್ಟರು. ಒಂದು ಸೂತಿನ ನೂರನೇ ಭಾಗಕ್ಕೂ ತಕರಾರು ತೆಗೆಯುವ ಮನುಷ್ಯ ಅಲ್ಲಿ ಸಿಕ್ಕ, ಮನಸ್ಸಿಗೆ ಹಿತವಾಯಿತು. ತುಕ್ಕು ಹಿಡಿಯದ ಲೋಹ, ಹಾಗಾಗಿ ಇದು ಹೊಸದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ. ಮಾಸ್ಟರ್ ಸಿಲಿಂಡರಿಗೂ ಅದನ್ನೇ ಮಾಡಿಸಿದೆವು. ಪಕ್ಕದಲ್ಲೇ ಕ್ಲಚ್ಚಿನದು ಅದೇ ರೂಪದ್ದು ಕೂತಿರುತ್ತದೆ, ಬಿಚ್ಚುವಾಗ ಎರಡಕ್ಕೂ ಬಣ್ಣದ ದಾರ ಕಟ್ಟಿ ಗುರುತು ಮಾಡಿಟ್ಟಿದ್ದೆವು.

ನಮ್ಮ ಸೀಮೆಗೆ ಇದು ಹೊಸ ಕಥೆಯಲ್ಲ ಅಂತಲೂ ಅನಿಸುತ್ತದೆ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಆಗಿನ ಧಾರವಾಡ ಜಿಲ್ಲೆಗೆ ತಂದರು. ಅದರ ಬೀಜ ಬಿಡಿಸಲು ಗರಗಸದ ಜಿನ್ನುಗಳು ಬಂದವು. ಗದಗಿಗೆ ರೈಲು ಬಂದದ್ದೇ 1880ರ ದಶಕದಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲು ಸಮುದ್ರದಾಚೆಯ ಯಂತ್ರದ ಹಲ್ಲು ಮುರಿದರೆ ಏನು ಮಾಡಬೇಕು? ಇಲ್ಲಿಯ ಕಮ್ಮಾರ, ಬಡಿಗೇರರೇ ಕೈಹಚ್ಚಬೇಕು. ಬೆಳಗಾವಿಯ ಲೇತಿನ ಮುಂದೆ ನಿಂತಾಗ ನನಗೆ ಆ ಜಿನ್ನುಗಳೇ ನೆನಪಾದವು.

ಕೊನೆಗೆ ಶೂಗಳಿಗೆ ಹೊಸ ಲೈನರ್ ಬಡಿಸಿ, ಕೊಳವೆಗಳನ್ನೆಲ್ಲಾ ಬದಲಾಯಿಸಿ, ಹೊಸ ಡಾಟ್ 3 ತುಂಬಿ ಗಾಳಿ ತೆಗೆದೆವು. ಮೊದಲ ದಿನ ಪೆಡಲ್ ಮೇಲೆ ಮೇಸ್ತ್ರಿ ಅರ್ಧ ತಾಸು ಕಾಲಿಟ್ಟು ಕೂತಿದ್ದ. ನಾಲ್ಕೂ ಚಕ್ರದ ಹಿಂದೆ ಹಳೇ ಪೇಪರ್ ಹಾಸಿದ್ದೆವು, ಒಂದು ಹನಿ ಇಲ್ಲ. ಆಮೇಲೆ ಮಾವನೊಬ್ಬನೇ, ಮೊಮ್ಮಕ್ಕಳಿಲ್ಲದೆ, ಊರ ಹೊರಗೆ ಖಾಲಿ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಜೋರಾಗಿ ತುಳಿದು ನೋಡಿದ. ನಾಲ್ಕೂ ಗೆರೆ ನೆಟ್ಟಗೆ ಬಿದ್ದಿದ್ದವು. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕು ಅಂತ ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.

ಗೆಳೆಯರೇ, ನಿಮ್ಮ ಹಿತ್ತಲಲ್ಲೋ, ನೆಂಟರ ಕೊಟ್ಟಿಗೆಯಲ್ಲೋ ಹೆರಾಲ್ಡ್ ಅಥವಾ ಗೆಜೆಲ್ ನಿಂತಿದ್ದರೆ ಒಂದು ಉಪಕಾರ ಮಾಡಿ. ಮುಂದಿನ ಚಕ್ರದ ಸಿಲಿಂಡರಿನ ತುಕ್ಕು ಕೆರೆದು ಅದರ ಮೇಲಿನ ಅಂಕಿ, ಕಾರಿನ ವರ್ಷ ಎರಡನ್ನೂ ಬರೆದು ಕಳುಹಿಸಿ. ಒಂದು ಪಟ್ಟಿ ಮಾಡುತ್ತಿದ್ದೇನೆ. ಸದ್ಯಕ್ಕೆ ಅದರಲ್ಲಿ ಒಂದೇ ಕಾರಿದೆ.